ಬೇಸಿಗೆ ರಜೆ ಊರಿಗೆ ಸಲ್ಲಬೇಕು

ಕರ್ನಾಟಕದ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಬೇಸಿಗೆ ರಜೆ. ರೈತರ ಲೆಕ್ಕದಲ್ಲಿ ಹೇಳುವುದಾದರೆ ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳ ಕಾಲ ಪೂರ್ತಿ, ರೋಹಿಣಿಯ ಮೊದಲ ಕೆಲವು ದಿನ. ಈ ಕಾಲವನ್ನು ನಮ್ಮ ಮಕ್ಕಳು ಅಜ್ಜ ಅಜ್ಜಿಯ ಹೊಲದಲ್ಲಿ, ತೋಟದಲ್ಲಿ, ಅಂಗಳದಲ್ಲಿ ಕಳೆಯಬೇಕು ಎಂಬುದು ನಮ್ಮ ಒತ್ತಾಯ. ನಾಲ್ಕು ದಿನ ನೆಂಟರಂತೆ ಬಂದು ಹೋದರೆ ಸಾಲದು. ಕಡೇ ಪಕ್ಷ ಎರಡು ಮಳೆ, ಅಂದರೆ ನಾಲ್ಕು ವಾರ, ಅಲ್ಲೇ ಇರಬೇಕು. ಅಪ್ಪ ಅಮ್ಮ ಜೊತೆಗೆ ಇರಬಾರದು. ಮಗು ಆ ಮನೆಯವರಲ್ಲಿ ಒಬ್ಬನಾಗಿ, ಒಬ್ಬಳಾಗಿ, ಕೈಲಾದ ಕೆಲಸವನ್ನು ಹಂಚಿಕೊಂಡು ಬದುಕಬೇಕು. ಇದಕ್ಕಾಗಿ ಒಂದು ಚಳವಳಿ ಬೇಕೇ ಎಂದು ಕೇಳುವವರಿದ್ದಾರೆ. ಬೇಕು. ತಾನಾಗಿಯೇ ನಡೆಯುತ್ತಿದ್ದದ್ದು ನಿಂತುಹೋಗಿದೆ. ಈಗ ಹಟ ಹಿಡಿದು ನಡೆಸದಿದ್ದರೆ ಇನ್ನು ನಡೆಯುವುದಿಲ್ಲ.

ಹೀಗೆ ಹೊರಟಿರುವ ನಾವು ಊರು ಬಿಟ್ಟು ಪೇಟೆ ಸೇರಿದ ಮಕ್ಕಳು, ಊರಲ್ಲೇ ಉಳಿದ ಅವರ ತಂದೆ ತಾಯಂದಿರು, ಇವರಿಬ್ಬರನ್ನೂ ಬಲ್ಲ ಕೆಲವು ಮೇಷ್ಟ್ರುಗಳು. 2011ರ ಜನಗಣತಿಯ ಹೊತ್ತಿಗೇ ಕರ್ನಾಟಕದ ಶೇಕಡಾ 38ಕ್ಕಿಂತ ಹೆಚ್ಚು ಜನ ಪಟ್ಟಣವಾಸಿಗಳಾಗಿದ್ದರು. ನಮ್ಮಲ್ಲಿ ಬಹುಪಾಲು ಜನ ಊರಿನ ಶಾಲೆಯಲ್ಲಿ ಕಲಿತವರು, ಕೊಟ್ಟಿಗೆಯ ಸಗಣಿ ಬಾಚಿ ಕೈ ತೊಳೆದು ಪುಸ್ತಕ ಹಿಡಿದವರು. ನಮ್ಮ ಮಕ್ಕಳ ಪಾಲಿಗೆ ಅದೇ ಊರು ದೀಪಾವಳಿಗೋ ಯಾರದೋ ಮದುವೆಗೋ ಕಾರಿನಲ್ಲಿ ಹೋಗಿ ಮೂರನೇ ದಿನ ಮರಳುವ ಜಾಗ. ಆ ಮೂರು ದಿನವೂ ಅವರು ಅತಿಥಿಗಳೇ. ಅಜ್ಜಿ ಹೋಳಿಗೆ ಮಾಡಿ ಬಡಿಸುತ್ತಾಳೆ, ಅಜ್ಜ ಎಳನೀರು ಕೆತ್ತಿ ಕೊಡುತ್ತಾನೆ, ಮಕ್ಕಳು ಒಂದೆರಡು ಫೋಟೋ ತೆಗೆದುಕೊಳ್ಳುತ್ತಾರೆ. ಅತಿಥಿಗೆ ಯಾರೂ ಕೆಲಸ ಹೇಳುವುದಿಲ್ಲ. ಕೆಲಸ ಹೇಳದ ಮನೆಯಲ್ಲಿ ಮಗು ಏನನ್ನೂ ಕಲಿಯುವುದಿಲ್ಲ.

ನಮ್ಮ ಮಾತಿನ ತಿರುಳು ಕೆಲಸದಲ್ಲಿದೆ. ಅದನ್ನು ತೋರಿಸಲು ಸಾಗರ, ಸಿರಸಿ ಸೀಮೆಯ ಒಂದು ಮನೆಯಂಗಳ ಸಾಕು.

ಏಪ್ರಿಲ್ ಕೊನೆಯ ವಾರ, ಹಲಸಿನ ಹಪ್ಪಳದ ದಿನ. ಯಾವ ಮರದ ಕಾಯಿ ಹಪ್ಪಳಕ್ಕೆ ಆಗುತ್ತದೆ ಎಂಬುದು ಅಜ್ಜನಿಗೆ ಗೊತ್ತು. ಗಟ್ಟಿ ಸೊಳೆಯ ಬಕ್ಕೆಯೇ ಆಗಬೇಕು, ಚೆನ್ನಾಗಿ ಬಲಿತಿರಬೇಕು, ಹಣ್ಣಾಗಿರಬಾರದು. ಬೆರಳಲ್ಲಿ ತಟ್ಟಿ ಸದ್ದು ಕೇಳಿ ಇಳಿಸುತ್ತಾನೆ. ಹೆಚ್ಚುವ ಮುಂಚೆ ಎಲ್ಲರ ಕೈಗೂ ಕೊಬ್ಬರಿ ಎಣ್ಣೆ, ಇಲ್ಲವಾದರೆ ಮೇಣ ಹತ್ತಿ ಎರಡು ದಿನ ಬಿಡುವುದಿಲ್ಲ. ಸೊಳೆ ಒಂದು ಕಡೆ, ಬೇಳೆ ಇನ್ನೊಂದು ಕಡೆ, ಸಿಪ್ಪೆ ದನಕ್ಕೆ. ಬಿಡಿಸುವ ಕೆಲಸಕ್ಕೆ ಎಷ್ಟು ಕೈ ಇದ್ದರೂ ಬೇಕು, ಆರು ವರ್ಷದ ಕೈಯೂ ಸೈ. ಸೊಳೆಯನ್ನು ಹಬೆಯಲ್ಲಿ ಬೇಯಿಸಿ ಉಪ್ಪು, ಮೆಣಸಿನಪುಡಿ, ಜೀರಿಗೆ ಹಾಕಿ ಒರಳಲ್ಲಿ ಕುಟ್ಟುತ್ತಾರೆ. ಈಚೆಗೆ ಗ್ರೈಂಡರ್ ಬಂದಿದೆ, ಇರಲಿ. ನಿಂಬೆ ಗಾತ್ರದ ಉಂಡೆ ಕಟ್ಟುವುದು ಚಿಕ್ಕವರ ಪಾಲು. ಎಣ್ಣೆ ಸವರಿದ ಎರಡು ಹಾಳೆಗಳ ನಡುವೆ ಉಂಡೆಯಿಟ್ಟು ಮಣೆಯಿಂದ ಒತ್ತುವುದು ಸ್ವಲ್ಪ ದೊಡ್ಡವರ ಪಾಲು. ಒತ್ತಿದ್ದನ್ನು ಹರಿಯದಂತೆ ಚಾಪೆಗೆ ಬಿಡುವುದು ಅಜ್ಜಿ. ಮಧ್ಯೆ ಹಸಿ ಹಿಟ್ಟಿಗೆ ಕೊಬ್ಬರಿ ಎಣ್ಣೆ ಹಾಕಿಕೊಂಡು ಎಲ್ಲರೂ ತಿನ್ನುತ್ತಾರೆ, ಅಜ್ಜಿ ನೋಡಿಯೂ ನೋಡದ ಹಾಗೆ ಇರುತ್ತಾಳೆ.

ಅಲ್ಲಿಂದ ಮುಂದಿನದು ಪೂರ್ತಿ ಮಕ್ಕಳ ಕೆಲಸ: ಹಪ್ಪಳ ಕಾಯುವುದು. ಕಾಗೆ ಓಡಿಸಬೇಕು, ಹೊತ್ತು ಏರಿದಾಗ ಮಗುಚಿ ಹಾಕಬೇಕು, ನೆರಳು ಸರಿದಂತೆ ಚಾಪೆ ಸರಿಸಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಮೋಡದ ಮೇಲೆ ಕಣ್ಣಿಡಬೇಕು. ಭರಣಿ ಮಳೆ ಹೇಳಿ ಕೇಳಿ ಬರುವುದಿಲ್ಲ. ಮಧ್ಯಾಹ್ನ ಮೂರಕ್ಕೆ ಸೆಖೆ ಜೋರಾಗಿ ಗಾಳಿ ನಿಂತರೆ ಚಾಪೆ ಎತ್ತಬೇಕು ಎಂದು ಒಂಬತ್ತು ವರ್ಷದ ಹುಡುಗಿ ಮೂರನೇ ದಿನಕ್ಕೆ ಕಲಿತಿರುತ್ತಾಳೆ. ಅವಳು ಎತ್ತದಿದ್ದರೆ ಮನೆಮಂದಿಯ ಎರಡು ದಿನದ ದುಡಿಮೆ ನೆನೆದು ಹೋಗುತ್ತದೆ. ಮಳೆಗಾಲದ ಊಟಕ್ಕೆ ಹಪ್ಪಳ ಕಡಿಮೆ ಬೀಳುತ್ತದೆ. ಅವಳ ಎಚ್ಚರದ ಮೇಲೆ ಒಂದು ಮನೆಯ ಮಳೆಗಾಲ ನಿಂತಿದೆ ಎಂಬುದು ಅವಳಿಗೆ ಗೊತ್ತು, ಮನೆಯವರಿಗೂ ಗೊತ್ತು.

ಪೇಟೆಯಲ್ಲಿ ಆ ಹುಡುಗಿಗೆ ಇಂಥ ಜಾಗ ಇಲ್ಲ. ಅಲ್ಲಿ ಎಲ್ಲವೂ ಅವಳಿಗಾಗಿ ನಡೆಯುತ್ತದೆ. ವ್ಯಾನು ಬರುವುದು ಅವಳಿಗಾಗಿ, ಟ್ಯೂಷನ್ ಅವಳಿಗಾಗಿ, ಈಜು ಅವಳಿಗಾಗಿ, ಡ್ಯಾನ್ಸ್ ಅವಳಿಗಾಗಿ. ಅವಳು ಒಂದು ದಿನ ಸುಮ್ಮನಿದ್ದರೆ ಮನೆಯಲ್ಲಿ ಏನೂ ಕೆಡುವುದಿಲ್ಲ. ಎಲ್ಲರ ಲಕ್ಷ್ಯವೂ ತನ್ನ ಮೇಲಿದ್ದು ತನ್ನಿಂದ ಯಾರಿಗೂ ಏನೂ ಆಗಬೇಕಾಗಿಲ್ಲ ಎಂಬ ಸ್ಥಿತಿ ಮಗುವಿಗೆ ಹಿತವಲ್ಲ. ಮಕ್ಕಳ ಅಸಹನೆ, ಕಾರಣವಿಲ್ಲದ ಸಿಟ್ಟು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು, ಇವೆಲ್ಲದರ ಹಿಂದೆ ಈ ಕೊರತೆ ಇದೆ ಎಂದು ನಾವು ನಂಬಿದ್ದೇವೆ. ಕೈಯಿಂದ ಮಾಡಿ ಕಲಿಯಬೇಕು ಎಂಬುದು ನಮ್ಮ ಹೊಸ ಶೋಧವೇನಲ್ಲ. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಮುಂದಿಟ್ಟ ನಯೀ ತಾಲೀಮಿನ ಬುನಾದಿಯೇ ಅದು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಯ ಪ್ರಯೋಗಗಳನ್ನು ನಡೆಸಿದರು. ಅಂಥ ಶಾಲೆಗಳನ್ನು ಊರೂರಲ್ಲಿ ಕಟ್ಟುವ ಶಕ್ತಿ ನಮಗಿಲ್ಲ. ಅಜ್ಜಿಯರು ಮಾತ್ರ ಊರೂರಲ್ಲಿ ಇದ್ದಾರೆ, ಸದ್ಯಕ್ಕೆ.

ಸದ್ಯಕ್ಕೆ ಎಂದದ್ದು ಯೋಚಿಸಿಯೇ. ಎಪ್ಪತ್ತು ದಾಟಿದವರ ತಲೆಯಲ್ಲಿ ಇರುವುದು ಯಾವ ದಾಖಲೆಯಲ್ಲೂ ಇಲ್ಲ. ಪಹಣಿಯಲ್ಲಿ ಸರ್ವೆ ನಂಬರಿದೆ, ವಿಸ್ತೀರ್ಣವಿದೆ, ಖಾತೆದಾರರ ಹೆಸರಿದೆ. ಬಕ್ಕೆ ಹಲಸು ಯಾವುದು, ಉಪ್ಪಿನಕಾಯಿಗೆ ವರ್ಷಗಟ್ಟಲೆ ತಾಳುವ ಅಪ್ಪೆಮಿಡಿಯ ಮರ ಹೊಳೆಯ ಯಾವ ದಂಡೆಯಲ್ಲಿದೆ, ಮಳೆಗಾಲದ ನೀರು ತೋಟದ ಯಾವ ಮೂಲೆಯಲ್ಲಿ ನಿಲ್ಲುತ್ತದೆ, ಬಾವಿ ತೋಡಿದಾಗ ಎಷ್ಟು ಕೋಲಿಗೆ ಕಲ್ಲು ಸಿಕ್ಕಿತು, ಪಕ್ಕದವರ ಜೊತೆ ಬೇಲಿಯ ಜಗಳ ಹೇಗೆ ಮುಗಿಯಿತು, ಇದ್ಯಾವುದೂ ಇಲ್ಲ. ಇದನ್ನು ಬರೆದಿಟ್ಟುಕೊಳ್ಳಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಬರೆಯಿರಿ, ಬೇಡವೆನ್ನುವುದಿಲ್ಲ. ಆದರೆ ಅಜ್ಜನಿಗೆ ಇದೆಲ್ಲ ನೆನಪಾಗುವುದು ಆ ಮೂಲೆಯಲ್ಲಿ ಹಾರೆ ಹಿಡಿದು ನಿಂತಾಗ. ಜಗಲಿಯಲ್ಲಿ ಕೂರಿಸಿ ಮೊಬೈಲು ಎದುರಿಗಿಟ್ಟು ಹೇಳು ಎಂದರೆ ನೆನಪಾಗುವುದಿಲ್ಲ. ಹಾರೆ ಹಿಡಿದು ನಿಂತ ಹೊತ್ತಿಗೆ ಪಕ್ಕದಲ್ಲಿ ಇದ್ದವರಿಗೆ ಮಾತ್ರ ಅದು ಸಿಗುತ್ತದೆ. ಮಕ್ಕಳಾದ ನಾವು ಆ ಹೊತ್ತಿಗೆ ಆಫೀಸಿನಲ್ಲಿರುತ್ತೇವೆ. ರಜೆ ಇರುವುದು ಮೊಮ್ಮಕ್ಕಳಿಗೆ.

ಇದರ ಹಿಂದೆ ಜಮೀನಿನ ಪ್ರಶ್ನೆಯೂ ಇದೆ, ಅದನ್ನು ಮರೆಮಾಚುವುದಿಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ಹೋದವು. ಕೃಷಿಕರಲ್ಲದವರೂ ಈಗ ಕೃಷಿ ಭೂಮಿ ಕೊಳ್ಳಬಹುದು. ಇಂದು ಹತ್ತು ವರ್ಷದ ಮಗು ಇನ್ನು ಇಪ್ಪತ್ತೈದು ವರ್ಷಕ್ಕೆ ಕ್ರಯಪತ್ರಕ್ಕೆ ಸಹಿ ಹಾಕುವ ವಾರಸುದಾರ. ಒಮ್ಮೆಯೂ ಗಡಿಕಲ್ಲಿನವರೆಗೆ ನಡೆಯದವನಿಗೆ ಆ ಜಮೀನು ಒಂದು ಮೊತ್ತವಾಗಿ ಮಾತ್ರ ಕಾಣುತ್ತದೆ. ಮಾರುವವರನ್ನು ನಾವು ದೂರುವುದಿಲ್ಲ. ಸಾಲ, ಕಾಯಿಲೆ, ದುಡಿಯುವವರಿಲ್ಲದ ಕಷ್ಟ ನಮಗೆಲ್ಲ ಗೊತ್ತು. ಮಾರುವ ದಿನ ಬಂದರೂ ಏನನ್ನು ಮಾರುತ್ತಿದ್ದೇವೆ ಎಂದು ತಿಳಿದು ಮಾರಲಿ. ಅಷ್ಟು ತಿಳಿದವರಲ್ಲಿ ಕೆಲವರಾದರೂ ಉಳಿಸಿಕೊಳ್ಳುವ ದಾರಿ ಹುಡುಕುತ್ತಾರೆ. ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲಿದೆ. ಹಾಗಾಗಿ ಮೊಮ್ಮಗಳಿಗೆ ಹಪ್ಪಳ, ಮೊಮ್ಮಗನಿಗೆ ತೋಟ ಎಂಬ ವಿಂಗಡಣೆಯನ್ನು ನಾವು ಒಪ್ಪುವುದಿಲ್ಲ. ಹುಡುಗಿ ಅಜ್ಜನ ಹಿಂದೆ ಗಡಿಯವರೆಗೆ ನಡೆಯಲಿ, ಹುಡುಗ ಉಂಡೆ ಕಟ್ಟಲಿ.

ಮಲೆನಾಡಿನ ಮಾತು ಹೆಚ್ಚಾಯಿತು. ಬಯಲುಸೀಮೆಯ ರಜೆ ಬೇರೆ ತೆರ. ಕೋಲಾರ, ತುಮಕೂರಿನ ಕಡೆ ಏಪ್ರಿಲ್ ಎಂದರೆ ಹುಣಸೆ ಬಡಿಯುವ ಕಾಲ. ಬೀಜ ತೆಗೆಯಲು ಕೂತ ಹೆಂಗಸರ ಸುತ್ತ ಮಕ್ಕಳು ನೆರೆಯುತ್ತಾರೆ, ಚೌಕಾಬಾರಕ್ಕೆ ಬೇಕಾದ ಬೀಜ ಅಲ್ಲೇ ಸಿಗುತ್ತದೆ. ಹಾಸನ, ಮೈಸೂರಿನ ಕಡೆ ಭರಣಿಯೋ ಕೃತ್ತಿಕೆಯೋ ಒಂದು ಹದ ಸುರಿದರೆ ಹೆಸರು, ಅಲಸಂದೆ, ಎಳ್ಳಿನ ಬಿತ್ತನೆ. ತಾತ ಒಂದು ಮುಷ್ಟಿ ಮಣ್ಣನ್ನು ಉಂಡೆ ಕಟ್ಟಿ ಎದೆಯೆತ್ತರದಿಂದ ಬಿಡುತ್ತಾನೆ. ಪುಡಿಯಾದರೆ ಹದ ಬಂದಿದೆ, ಹಾಗೇ ಕೂತರೆ ಇನ್ನೊಂದು ದಿನ ಕಾಯಬೇಕು, ಉಂಡೆಯೇ ಕಟ್ಟದಿದ್ದರೆ ಇನ್ನೊಂದು ಮಳೆ ಬೇಕು. ಉಳುವವರ ಹಿಂದೆ ಸಾಲಿನಲ್ಲಿ ಅಲಸಂದೆ ಕಾಳು ಬಿಡುತ್ತಾ ಹೋಗುವುದು ಎಂಟು ವರ್ಷದ ಕೈಗೆ ಹೇಳಿ ಮಾಡಿಸಿದ ಕೆಲಸ. ಬಿತ್ತಿ ಒಂದು ವಾರದೊಳಗೆ ಮೊಳಕೆ ಕಾಣುತ್ತದೆ. ಎಡೆಬಿಟ್ಟ ಜಾಗವೂ ಕಾಣುತ್ತದೆ, ಅಲ್ಲಿ ಕಾಳು ಬಿಡದೆ ಹಾರಿಸಿದವರು ಯಾರೆಂದು ಯಾರೂ ಹೇಳಬೇಕಾಗಿಲ್ಲ. ಇದನ್ನು ನೋಡಲಿಕ್ಕಾದರೂ ಮಗು ಅಲ್ಲಿ ಎರಡು ಮಳೆ ಇರಬೇಕು.

ಇನ್ನು ಯಾದಗಿರಿ, ರಾಯಚೂರು, ಕಲಬುರಗಿಯ ಮಾತು. ಅಲ್ಲಿಂದ ಗುಳೆ ಹೋದವರ ಎಷ್ಟೋ ಮಕ್ಕಳು ವರ್ಷವಿಡೀ ಮುತ್ಯಾ, ಅಜ್ಜಿಯರ ಹತ್ತಿರವೇ ಇರುತ್ತಾರೆ. ಅಪ್ಪ ಅವ್ವ ಬೆಂಗಳೂರಿನಲ್ಲೋ ಪುಣೆಯಲ್ಲೋ ಕಟ್ಟಡದ ಕೆಲಸದಲ್ಲಿರುತ್ತಾರೆ. ರಜೆ ಬಂದರೆ ಈ ಮಕ್ಕಳ ಪ್ರಯಾಣ ತಿರುಗುಮುರುಗು: ಅವ್ವನನ್ನು ನೋಡಲು ಊರಿಂದ ಪೇಟೆಯ ತಗಡಿನ ಶೆಡ್ಡಿಗೆ. ಅವರಿಗೆ ಹೊಲದ ರಜೆ ಬೇಕು ಎಂದು ಬೋಧಿಸಲು ನಮಗೆ ಬಾಯಿಲ್ಲ. ಅವರಿಗೆ ಬೇಕಾದದ್ದು ಅವ್ವ. ನಮ್ಮ ಮನೆ, ನಮ್ಮ ಅಪಾರ್ಟ್‌ಮೆಂಟುಗಳನ್ನು ಕಟ್ಟುವ ಕಡೆಯೆಲ್ಲ ರಜೆಯಲ್ಲಿ ಬಂದ ಮಕ್ಕಳಿಗೆ ನೆರಳು, ಕುಡಿಯುವ ನೀರು, ನೋಡಿಕೊಳ್ಳುವ ಒಬ್ಬ ಹೆಂಗಸು ಇರುವಂತೆ ನೋಡಿಕೊಳ್ಳುವುದು ಈ ಚಳವಳಿ ಸೇರಿದವರ ಹೊಣೆ.

ಜಮೀನಿಲ್ಲದ ಅಜ್ಜಿಯರೂ ಊರಲ್ಲಿ ಇದ್ದಾರೆ. ಅವರ ಮೊಮ್ಮಕ್ಕಳು ನಮ್ಮ ಮಕ್ಕಳ ಜೊತೆ ಆಡಬೇಕು, ಉಣ್ಣಬೇಕು. ಅಂಗಳದವರೆಗೆ ಯಾರು, ಜಗಲಿಯವರೆಗೆ ಯಾರು, ಒಳಗೆ ಯಾರು ಎಂಬ ಹಳೆಯ ಕಟ್ಟುಪಾಡನ್ನು ಮಗುವಿಗೆ ಕಲಿಸಿ ಕಳಿಸುವ ಮನೆಯ ರಜೆ ನಮಗೆ ಬೇಡ. ಅಂಥ ಮನೆಗಿಂತ ಪೇಟೆಯ ಶಿಬಿರವೇ ವಾಸಿ. ಊರಿನ ಬಗ್ಗೆ ನಮಗೆ ಮಮತೆ ಇದೆ, ಕುರುಡು ಮೋಹವಿಲ್ಲ. ಅಜ್ಜನಿಗೆ ಈ ಮಾತು ಹೇಳಲು ಮಕ್ಕಳಾದ ನಾವು ಹಿಂಜರಿಯಬಾರದು. ಮೊಮ್ಮಗು ಬರುತ್ತದೆಂದರೆ ಅಜ್ಜ ಎಷ್ಟೋ ಬದಲಾಗುತ್ತಾನೆ.

ಕೆಲಸ ಎಂದೊಡನೆ ಬಾಲದುಡಿಮೆಯ ಮಾತು ಬರುತ್ತದೆ, ಬರಲೇಬೇಕು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ ಮಗು ಶಾಲೆಯ ಹೊತ್ತಿನ ಆಚೆಗೆ ಅಥವಾ ರಜೆಯಲ್ಲಿ ಸ್ವಂತ ಕುಟುಂಬಕ್ಕೆ ಅಪಾಯವಿಲ್ಲದ ಕೆಲಸದಲ್ಲಿ ನೆರವಾಗಲು ಅವಕಾಶ ಕೊಟ್ಟಿದೆ. ಕಾನೂನು ಬಿಟ್ಟಿದೆ ಎಂಬುದಷ್ಟೇ ನಮಗೆ ಸಾಲದು. ಮಗು ಕೆಲಸ ಬಿಟ್ಟು ಆಡಲು ಓಡಿದರೆ ಯಾರೂ ಗದರಬಾರದು. ಮಧ್ಯಾಹ್ನದ ಬಿಸಿಲಲ್ಲಿ ಕೆಲಸವಿಲ್ಲ. ಕೂಲಿ ಉಳಿಸುವ ಲೆಕ್ಕಕ್ಕೆ ಮಗುವಿನ ಕೈ ಬಳಸಬಾರದು. ವೀಡ್ ಕಟರ್, ಪಂಪ್‌ಸೆಟ್ಟಿನ ಸ್ಟಾರ್ಟರ್, ಔಷಧಿ ಹೊಡೆಯುವ ಕ್ಯಾನು, ಇವುಗಳ ಹತ್ತಿರ ಮಕ್ಕಳು ಸುಳಿಯಬಾರದು. ತ್ರೀ ಫೇಸ್ ಕರೆಂಟು ರಾತ್ರಿ ಬಂದಾಗ ಅಜ್ಜನ ಜೊತೆ ಟಾರ್ಚ್ ಹಿಡಿದು ಹೋಗಬಹುದು, ಸ್ವಿಚ್ಚು ಅಜ್ಜನೇ ಹಾಕಬೇಕು. ಸ್ಪ್ರಿಂಕ್ಲರಿನ ತೂತಿಗೆ ಕಸ ಸಿಕ್ಕಿದರೆ ಬಿಡಿಸುವುದು ಬೇಕಾದರೆ ಹುಡುಗರದೇ ಕೆಲಸ. ನೆನೆಯಲು ಅದಕ್ಕಿಂತ ಒಳ್ಳೆಯ ನೆಪವಿಲ್ಲ.

ಅಪಾಯಗಳ ವಿಷಯದಲ್ಲಿ ನಾವು ಕಟ್ಟುನಿಟ್ಟು. ಕೃಷಿಹೊಂಡ ಈಗ ಎಲ್ಲೆಲ್ಲೂ ಇದೆ. ಪ್ಲಾಸ್ಟಿಕ್ ಹಾಸಿದ ಹೊಂಡದ ಬದಿ ಜಾರುತ್ತದೆ, ಈಜು ಬಲ್ಲವರೂ ಮೇಲೆ ಹತ್ತಲು ಒದ್ದಾಡುತ್ತಾರೆ. ಸುತ್ತ ಬೇಲಿ ಇಲ್ಲದ, ಒಳಕ್ಕೆ ಗಂಟು ಹಾಕಿದ ಹಗ್ಗ ಇಳಿಬಿಡದ ಹೊಂಡವಿರುವ ಜಮೀನಿಗೆ ಮಕ್ಕಳನ್ನು ಕಳಿಸಬೇಡಿ. ಮೊದಲು ಬೇಲಿ ಹಾಕಿಸಿ, ಆಮೇಲೆ ಬಸ್ಸು ಹತ್ತಿಸಿ. ಕೀಟನಾಶಕ, ಕಳೆನಾಶಕದ ಡಬ್ಬಿಗಳಿಗೆ ಬೀಗ ಇರಲಿ. ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಕಾಲ ಬೇಸಿಗೆಯ ಉದ್ದಕ್ಕೂ ಇರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸೀಮೆಯಲ್ಲಿ ಮೊದಲು ಪತ್ತೆಯಾದ ಈ ಜ್ವರ ಉಣ್ಣಿಯಿಂದ ಹರಡುತ್ತದೆ. ಮಂಗ ಸತ್ತ ಸುದ್ದಿ ಬಂದ ಕಡೆ ಕಾಡಿಗೆ, ಸೊಪ್ಪಿನ ಬೆಟ್ಟಕ್ಕೆ ಹೋಗುವುದು ನಿಲ್ಲಿಸಿ. ಬೇರೆ ಕಡೆ ಹೋಗುವಾಗಲೂ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆಯನ್ನು ಅವರು ಹೇಳಿದಂತೆ ಹಚ್ಚಿ, ಬಂದ ಮೇಲೆ ಬಿಸಿನೀರು ಸ್ನಾನ ಮಾಡಿಸಿ, ಬಟ್ಟೆ ಒಗೆಯಲು ಹಾಕಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ನಾಟಿ ಔಷಧಿ, ಮಂತ್ರ ಯಾವುದೂ ಬೇಡ. 108ಕ್ಕೆ ಫೋನ್ ಮಾಡಿ. ಹಾವಿನ ವಿಷಕ್ಕೆ ಔಷಧಿ ಇರುವ ಆಸ್ಪತ್ರೆ ಯಾವುದೆಂದು ಮಗು ಬರುವ ಮುಂಚೆಯೇ ತಿಳಿದಿಟ್ಟುಕೊಳ್ಳಿ.

ಶಾಲೆಗಳಿಗೆ ನಮ್ಮ ಕೇಳಿಕೆ ನೇರವಾದದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆ ಐದನೇ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ, ಆರರಿಂದ ಎಂಟಕ್ಕೆ 220 ದಿನ ಪಾಠ ನಡೆಯಬೇಕು ಎನ್ನುತ್ತದೆ. ಆ ದಿನಗಳು ನಿಮ್ಮವು, ಚೆನ್ನಾಗಿ ನಡೆಸಿ. ರಜೆಯಲ್ಲಿ ಚಾರ್ಟು, ಪ್ರಾಜೆಕ್ಟು, ಕಾಪಿ ಬರಹ ಕೊಡಬೇಡಿ. ಒಂಬತ್ತು ಮುಗಿಸಿದ ಮಕ್ಕಳಿಗೆ ಏಪ್ರಿಲ್‌ನಲ್ಲೇ ಹತ್ತನೇ ತರಗತಿಯ ಪಾಠ ಶುರುಮಾಡುವುದನ್ನು ಬಿಡಿ. ಹದಿನಾಲ್ಕು ವರ್ಷದ ಮಗುವೇ ಅಜ್ಜನಿಗೆ ನಿಜವಾಗಿ ನೆರವಾಗಬಲ್ಲದ್ದು, ಅದನ್ನೇ ನೀವು ಕೋಣೆಯಲ್ಲಿ ಕೂಡಿಹಾಕುತ್ತೀರಿ. ಜೂನ್‌ನಲ್ಲಿ ಮರಳಿದ ಪ್ರತಿ ಮಗುವಿಗೂ ತರಗತಿಯ ಮುಂದೆ ನಿಂತು ಹತ್ತು ನಿಮಿಷ ಮಾತಾಡಲು ಬಿಡಿ, ಅಂಕ ಬೇಡ.

ಅಪ್ಪ ಅಮ್ಮಂದಿರಿಗೆ ಹೇಳುವುದು ಇನ್ನೂ ಕಷ್ಟದ ಮಾತು. ಮೊದಲ ವಾರ ಮಗು ಬೇಜಾರು ಎನ್ನುತ್ತದೆ. ಅಳುತ್ತದೆ. ನೆಟ್‌ವರ್ಕ್ ಇಲ್ಲ, ಸೊಳ್ಳೆ ಇದೆ, ಅಜ್ಜಿ ಮಾತಾಡುವುದು ಅರ್ಥವಾಗುವುದಿಲ್ಲ ಎಂದು ಫೋನ್ ಮಾಡುತ್ತದೆ. ಆಗ ಕಾರು ತೆಗೆದುಕೊಂಡು ಹೊರಡಬೇಡಿ. ಬೇಜಾರಾದ ಮಗು ಎಂಟನೇ ದಿನಕ್ಕೆ ತಾನಾಗಿ ಅಂಗಳಕ್ಕೆ ಇಳಿಯುತ್ತದೆ, ಹತ್ತನೇ ದಿನಕ್ಕೆ ಕರುವಿಗೆ ಹೆಸರಿಟ್ಟಿರುತ್ತದೆ. ಅಜ್ಜಿಯ ಹವ್ಯಕವೋ ಕುಂದಾಪುರದ ಮಾತೋ ತುಳುವೋ ಅದರ ನಾಲಿಗೆಗೆ ಹತ್ತಲು ಅಷ್ಟು ದಿನ ಬೇಕೇ ಬೇಕು. ನಾಲ್ಕನೇ ದಿನಕ್ಕೆ ಕರೆತಂದರೆ ಮಗುವಿಗೆ ಉಳಿಯುವುದು ಬೇಜಾರು ಮಾತ್ರ. ಮೊಬೈಲು ಮನೆಯಲ್ಲಿ ಒಂದೇ ಇರಲಿ, ಅದು ಅಜ್ಜಿಯದಾಗಿರಲಿ, ಅವಳನ್ನು ಕೇಳಿ ಮಾತಾಡಲಿ.

ಅಜ್ಜಿಯ ಪರವಾಗಿ ಒಂದು ಮಾತು ಹೇಳದೆ ಹೋದರೆ ಈ ಪ್ರಣಾಳಿಕೆಗೆ ಮರ್ಯಾದೆ ಇಲ್ಲ. ಮೂರು ಮೊಮ್ಮಕ್ಕಳು ಬಂದರೆ ಅವಳಿಗೆ ಬೆಳಗಿನ ದೋಸೆಯಿಂದ ರಾತ್ರಿಯ ಹಾಲಿನವರೆಗೆ ಕೂರಲು ಹೊತ್ತಿಲ್ಲ. ಮಂಡಿನೋವು ಅವಳದು, ಸಂತೋಷ ನಮ್ಮದು ಎಂದಾಗಬಾರದು. ಗ್ಯಾಸು, ದಿನಸಿ, ಹಾಲಿನ ಖರ್ಚು ಮಗುವಿನ ಜೊತೆಗೇ ಕಳಿಸಿ. ಅಡುಗೆಗೆ ಕೈ ಜೋಡಿಸಲು ಊರಿನ ಒಬ್ಬರಿಗೆ ನ್ಯಾಯವಾದ ಸಂಬಳ ಕೊಟ್ಟು ಗೊತ್ತು ಮಾಡಿ. ತಟ್ಟೆ ತೊಳೆಯುವುದು, ಹಾಸಿಗೆ ಮಡಿಸುವುದು, ಸ್ವಂತ ಬಟ್ಟೆ ಒಗೆಯುವುದು ಮಗುವಿಗೆ ಬರಬೇಕು, ಹೊರಡುವ ಮುಂಚೆ ಕಲಿಸಿ. ಅಜ್ಜಿಗೆ ಮೈ ಸರಿಯಿಲ್ಲದ ವರ್ಷ, ಅಥವಾ ಅವಳೇ ಈ ಸಲ ಬೇಡ ಎಂದರೆ, ಒತ್ತಾಯ ಬೇಡ. ಆ ವರ್ಷ ನಾವೇ ರಜೆ ಹಾಕಿ ಹೋಗಿ ಅವಳ ಅಡುಗೆ ಮಾಡೋಣ.

ಹೊರದೇಶದ ಕನ್ನಡಿಗರು ತಮ್ಮ ಮಕ್ಕಳನ್ನೂ ಸೇರಿಸಿಕೊಳ್ಳಿ ಎಂದಿದ್ದಾರೆ. ಸಂತೋಷ. ಅಮೆರಿಕದ ಶಾಲೆಗಳಿಗೆ ರಜೆ ಜೂನ್‌ನಿಂದ ಆಗಸ್ಟ್. ಗಲ್ಫಿನಲ್ಲಿ ಜುಲೈ, ಆಗಸ್ಟ್. ಆ ಮಕ್ಕಳಿಗೆ ಹಲಸು ಮಾವು ಬಹುಮಟ್ಟಿಗೆ ತಪ್ಪುತ್ತದೆ, ಮಳೆಗಾಲ ದಕ್ಕುತ್ತದೆ. ಗದ್ದೆ ನಾಟಿ ನೋಡುತ್ತಾರೆ. ಅಡಿಕೆಗೆ ಕೊಳೆರೋಗ ಬರದಂತೆ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ತಯಾರಿಸುವುದನ್ನು ದೂರದಿಂದ ನೋಡುತ್ತಾರೆ: ನೂರು ಲೀಟರ್ ನೀರಿಗೆ ಎರಡೂ ಒಂದೊಂದು ಕಿಲೋ. ಬೇಸಿಗೆಯಲ್ಲಿ ಒತ್ತಿದ ಹಪ್ಪಳ ಸುಟ್ಟು ತಿನ್ನುವ ಭಾಗ್ಯವೂ ಅವರದೇ. ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು ಬೇರೆ ಬೇರೆ ತಿಂಗಳು ಬಂದರೆ ಅಜ್ಜಿಗೂ ಹೊರೆ ಹಂಚಿಹೋಗುತ್ತದೆ.

ಹಳ್ಳಿಯಲ್ಲಿ ಯಾರೂ ಇಲ್ಲದ ಮಕ್ಕಳು ನಿಮ್ಮ ಬೀದಿಯಲ್ಲಿ ಇರುತ್ತಾರೆ. ಪ್ರತಿ ಮನೆಯವರೂ ತಮ್ಮ ಮಗುವಿನ ಜೊತೆ ಅಂಥ ಒಬ್ಬ ಗೆಳೆಯನನ್ನೋ ಗೆಳತಿಯನ್ನೋ, ಅವರ ಮನೆಯವರ ಒಪ್ಪಿಗೆ ಪಡೆದು, ಕರೆದೊಯ್ಯಿರಿ. ಒಬ್ಬರೇ ಸಾಕು, ಹೆಚ್ಚು ಬೇಡ, ಅಜ್ಜಿಯ ನೆನಪಿರಲಿ.

ಈ ಚಳವಳಿಗೆ ಕಚೇರಿಯಿಲ್ಲ, ಚಂದಾ ಇಲ್ಲ, ಅರ್ಜಿಯೂ ಇಲ್ಲ. ಸೇರುವವರು ಯುಗಾದಿಗೆ ಮೊದಲೇ ಊರಿಗೆ ಫೋನ್ ಮಾಡಿ, ಈ ಸಲ ಏನೇನು ಕೆಲಸ ಉಳಿದಿದೆ ಎಂದು ಅಜ್ಜ ಅಜ್ಜಿಯನ್ನು ಕೇಳಿ. ಅವರು ಹೇಳಿದ್ದನ್ನು ಮಗುವಿಗೆ ದಾಟಿಸಿ, ಅದರಲ್ಲಿ ಯಾವುದನ್ನು ತಾನು ಮಾಡುತ್ತೇನೆಂದು ಮಗುವೇ ಅಜ್ಜಿಗೆ ಹೇಳಲಿ. ಏಪ್ರಿಲ್ ಎರಡನೇ ವಾರದ ಬಸ್ಸುಗಳು ಬೇಗ ತುಂಬುತ್ತವೆ, ಹೋಗುವ ಟಿಕೆಟ್ಟು ಈಗಲೇ ಮಾಡಿಸಿ. ವಾಪಸಿನದು ಕೃತ್ತಿಕೆ ಕಳೆಯುವವರೆಗೆ ಬೇಡ.